ಫುಲ್ ಫ್ರೇಮ್ ಬೇಕಾ, ಕ್ರಾಪ್ ಸಾಕಾ? ಕ್ಯಾಮೆರಾಕ್ಕೆ ದುಡ್ಡು ಹಾಕೋ ಮುಂಚೆ ತಿಳಿಯಬೇಕಾದ ಲೆಕ್ಕ

ಹೊಸಪೇಟೆ: ಫೋನ್‌ನಲ್ಲಿ ಫೋಟೊ ತೆಗೆದು ತೆಗೆದು ಕೈ ಪಳಗಿದವರಿಗೆ ಒಂದು ದಿನ ‘ಒಳ್ಳೆ ಕ್ಯಾಮೆರಾ’ ಬೇಕು ಅನ್ನಿಸಿಯೇ ಅನ್ನಿಸುತ್ತದೆ. ಆಸೆಯಿಂದ ಅಂಗಡಿಗೆ ಹೋದರೆ ಮೊದಲ ಪ್ರಶ್ನೆಗೇ ತಲೆ ಕೆಡುತ್ತದೆ. ‘ಸರ್, ಫುಲ್ ಫ್ರೇಮ್ ತೋರಿಸ್ಲಾ, ಕ್ರಾಪ್ ತೋರಿಸ್ಲಾ?’ ಗೆಳೆಯರು ‘ತಗೊಂಡ್ರೆ ಫುಲ್ ಫ್ರೇಮೇ ತಗೋ, ಇಲ್ಲಾಂದ್ರೆ ಸುಮ್ನಿರು’ ಅನ್ನುತ್ತಾರೆ. ಮನೆಯಲ್ಲಿ ‘ಆ ದುಡ್ಡಿಗೆ ಒಂದು ಬೈಕ್ ಬರ್ತಿತ್ತಲ್ಲ’ ಅನ್ನುತ್ತಾರೆ.

ಮನೆಯವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಫುಲ್ ಫ್ರೇಮ್ ಬಾಡಿ, ಅದಕ್ಕೆ ತಕ್ಕ ಲೆನ್ಸು ಸೇರಿದರೆ ಬೈಕಿನ ರೇಟನ್ನೂ ದಾಟುತ್ತದೆ. ಕಂತಿನ ಮೇಲೆ ತಂದವರು ಬಾಡಿಗೇ ಎಲ್ಲ ದುಡ್ಡು ಸುರಿದು, ಲೆನ್ಸಿಗೆ ಕಾಸಿಲ್ಲದೆ ಜೊತೆಗೆ ಬಂದ ಸಾದಾ ಲೆನ್ಸಿನಲ್ಲೇ ವರ್ಷಗಟ್ಟಲೆ ಕಳೆಯುವುದುಂಟು. ಕೊನೆಗೆ ಕ್ಯಾಮೆರಾ ಬೀರು ಸೇರುತ್ತದೆ, ಕಂತು ಮಾತ್ರ ನಡೆಯುತ್ತಿರುತ್ತದೆ. ಸೆನ್ಸರ್ ಸೈಜ್ ಅಂದರೇನು, ಅದು ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಅನ್ನೋದು ಮೊದಲೇ ಗೊತ್ತಿದ್ದರೆ ಈ ಪೇಚು ತಪ್ಪುತ್ತದೆ.

ವಿರೂಪಾಕ್ಷನ ಗುಡಿಯಲ್ಲೇ ಇದೆ ಪಾಠ

ಸೆನ್ಸರ್ ಅರ್ಥ ಮಾಡಿಕೊಳ್ಳಲು ದೂರ ಹೋಗಬೇಕಿಲ್ಲ. ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರು ರಾಜಗೋಪುರದ ತಲೆಕೆಳಗಾದ ನೆರಳನ್ನು ನೋಡಿಯೇ ಇರುತ್ತಾರೆ. ಗುಡಿಯ ಹಿಂಭಾಗದ ಕತ್ತಲೆ ಜಾಗಕ್ಕೆ ಸಣ್ಣ ಕಿಂಡಿಯಿಂದ ಬೆಳಕು ನುಗ್ಗಿ, ಎದುರಿನ ಗೋಡೆ ಮೇಲೆ ಗೋಪುರ ಉಲ್ಟಾ ಕಾಣುತ್ತದೆ. ಕ್ಯಾಮೆರಾ ಕೆಲಸ ಮಾಡುವುದೂ ಹೀಗೇ. ಕಿಂಡಿಯ ಜಾಗದಲ್ಲಿ ಲೆನ್ಸು, ಗೋಡೆಯ ಜಾಗದಲ್ಲಿ ಸೆನ್ಸರ್.

ಈಗ ಆ ಗೋಡೆಯ ಮುಂದೆ ಒಂದು ಬಿಳಿ ಪಂಚೆ ಹಿಡಿದರೆ ಗೋಪುರ ಪೂರ್ತಿ ಅದರ ಮೇಲೆ ಬೀಳುತ್ತದೆ. ಅದೇ ಜಾಗದಲ್ಲಿ ಕರವಸ್ತ್ರ ಹಿಡಿದರೆ ಗೋಪುರದ ತುದಿ ಮಾತ್ರ ಬೀಳುತ್ತದೆ. ಕರವಸ್ತ್ರದ ಮೇಲಿನ ಕಳಸ ಪಂಚೆ ಮೇಲಿನ ಕಳಸಕ್ಕಿಂತ ದೊಡ್ಡದಾಗಿಲ್ಲ. ಸುತ್ತಲಿನದು ಬಿಟ್ಟುಹೋಗಿದೆ, ಅಷ್ಟೇ. ಪಂಚೆ ಅಂದರೆ ಫುಲ್ ಫ್ರೇಮ್, ಕರವಸ್ತ್ರ ಅಂದರೆ ಕ್ರಾಪ್. ‘ಕ್ರಾಪ್ ಸೆನ್ಸರ್ ಹಾಕಿದ್ರೆ ಜೂಮ್ ಜಾಸ್ತಿ ಆಗುತ್ತೆ’ ಅನ್ನೋ ಮಾತಿನ ಪೂರ್ತಿ ಗುಟ್ಟು ಇದರಲ್ಲಿದೆ. ಲೆನ್ಸು ಹಿಗ್ಗುವುದಿಲ್ಲ, ಚಿತ್ರದ ಅಂಚು ಕತ್ತರಿಸಿ ಹೋಗುತ್ತದೆ.

ಎಕರೆ-ಗುಂಟೆ ಲೆಕ್ಕದಲ್ಲಿ ಸೆನ್ಸರ್

ಮಿಲಿಮೀಟರ್ ಲೆಕ್ಕ ಹೇಳಿದರೆ ತಕ್ಷಣ ಕಣ್ಣಿಗೆ ಕಟ್ಟುವುದಿಲ್ಲ. ಹೊಲದ ಲೆಕ್ಕ ಎಲ್ಲರಿಗೂ ಗೊತ್ತು. ಫುಲ್ ಫ್ರೇಮ್ ಸೆನ್ಸರ್ ಅನ್ನು ಒಂದು ಎಕರೆ, ಅಂದರೆ 40 ಗುಂಟೆ ಅಂದುಕೊಂಡರೆ ಉಳಿದವು ಹೀಗಿವೆ:

- ಫುಲ್ ಫ್ರೇಮ್: 36×24 ಮಿ.ಮೀ. — 40 ಗುಂಟೆ
- ಎಪಿಎಸ್-ಸಿ, ಅಂದರೆ ಜನ ‘ಕ್ರಾಪ್’ ಅನ್ನುವುದು (ನಿಕಾನ್, ಸೋನಿ, ಫ್ಯೂಜಿಫಿಲ್ಮ್): ಸುಮಾರು 23.5×15.6 ಮಿ.ಮೀ. — 17 ಗುಂಟೆ
- ಕ್ಯಾನನ್ ಎಪಿಎಸ್-ಸಿ: ಸುಮಾರು 22.3×14.9 ಮಿ.ಮೀ. — 15 ಗುಂಟೆ ಚಿಲ್ಲರೆ
- ಮೈಕ್ರೊ ಫೋರ್ ಥರ್ಡ್ಸ್ (ಒಲಿಂಪಸ್ ಅಥವಾ ಈಗಿನ ಓಎಂ ಸಿಸ್ಟಮ್, ಪ್ಯಾನಾಸೋನಿಕ್): 17.3×13 ಮಿ.ಮೀ. — 10 ಗುಂಟೆ ಚಿಲ್ಲರೆ
- 1 ಇಂಚು ಮಾದರಿ: 13.2×8.8 ಮಿ.ಮೀ. — 5 ಗುಂಟೆ ಚಿಲ್ಲರೆ
- ಉದ್ದ ಜೂಮ್ ಇರುವ ಬ್ರಿಜ್ ಕ್ಯಾಮೆರಾಗಳ 1/2.3 ಇಂಚು ಮಾದರಿ: ಸುಮಾರು 6.2×4.6 ಮಿ.ಮೀ. — ಒಂದೂಕಾಲು ಗುಂಟೆ ಆಸುಪಾಸು

ಫುಲ್ ಫ್ರೇಮ್‌ಗಿಂತ ದೊಡ್ಡವೂ ಇವೆ. 44×33 ಮಿ.ಮೀ. ಅಳತೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳು ಸ್ಟುಡಿಯೊ, ಜಾಹೀರಾತು ಕೆಲಸದವರಿಗೆ. ಹವ್ಯಾಸಿಗಳು ಸದ್ಯಕ್ಕೆ ಆ ಕಡೆ ನೋಡದಿದ್ದರೂ ನಡೆಯುತ್ತದೆ.

ಈ ಅಳತೆಗಳ ಹಿಂದೆ ಹಳೇ ಕತೆ ಇದೆ. 36×24 ಅನ್ನೋದು ರೀಲ್ ಕಾಲದ ಅಳತೆ. ಜರ್ಮನಿಯ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ಸೈಜ್ ಜಗತ್ತಿನೆಲ್ಲೆಡೆ ರೂಢಿಗೆ ಬಂತು. ನಮ್ಮೂರ ಸ್ಟುಡಿಯೊಗಳಲ್ಲಿ 36 ಫೋಟೊದ ರೀಲ್ ಹಾಕುತ್ತಿದ್ದರಲ್ಲ, ಅದೇ ಇದು. ಎಪಿಎಸ್ ಅನ್ನೋದು 1996ರಲ್ಲಿ ಕೊಡಾಕ್, ಫ್ಯೂಜಿ ಮತ್ತು ಮೂರು ಕ್ಯಾಮೆರಾ ಕಂಪನಿಗಳು ಸೇರಿ ತಂದ ಚಿಕ್ಕ ರೀಲ್. ಆ ರೀಲ್ ಬೇಗ ಸತ್ತುಹೋಯಿತು, ಹೆಸರು ಮಾತ್ರ ಸೆನ್ಸರಿಗೆ ಅಂಟಿಕೊಂಡಿತು. ಡಿಜಿಟಲ್ ಶುರುವಿನಲ್ಲಿ ದೊಡ್ಡ ಸೆನ್ಸರ್ ಮಾಡುವುದು ವಿಪರೀತ ದುಬಾರಿ ಇದ್ದುದರಿಂದ ಕಂಪನಿಗಳು ಈ ಚಿಕ್ಕ ಅಳತೆ ಹಿಡಿದವು.

‘1 ಇಂಚು’ ಅನ್ನೋ ಹೆಸರು ನೋಡಿ ಮೋಸ ಹೋಗಬಾರದು. ಅಳೆದು ನೋಡಿದರೆ ಅದರ ಮೂಲೆಯಿಂದ ಮೂಲೆಗೆ 16 ಮಿ.ಮೀ. ಅಷ್ಟೇ ಇದೆ, 25 ಇಲ್ಲ. ಹಳೇ ಟಿ.ವಿ. ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರಗಿನ ಅಳತೆಯನ್ನು ಹೆಸರಾಗಿ ಇಟ್ಟುಕೊಂಡು ಬಂದಿದ್ದಾರೆ. ಫೋನ್ ಜಾಹೀರಾತಿನಲ್ಲಿ ಕಾಣುವ 1/1.3 ಇಂಚು, 1/1.5 ಇಂಚು ಎಲ್ಲ ಇದೇ ಜಾತಿಯ ಲೆಕ್ಕ.

ದೊಡ್ಡ ಹೊಲಕ್ಕೆ ಮಳೆ ಜಾಸ್ತಿ

ಮಳೆ ಎಲ್ಲ ಹೊಲಕ್ಕೂ ಒಂದೇ ಸಮ ಸುರಿದರೂ ಎಕರೆ ಹೊಲದಲ್ಲಿ ಸೇರುವ ಒಟ್ಟು ನೀರು ಹತ್ತು ಗುಂಟೆಯಲ್ಲಿ ಸೇರುವುದಕ್ಕಿಂತ ನಾಲ್ಕು ಪಟ್ಟು. ಬೆಳಕೂ ಹಾಗೇ. ಲೆನ್ಸಿನ ಅಪರ್ಚರ್, ಶಟರ್ ಸ್ಪೀಡ್ ಎರಡೂ ಒಂದೇ ಇಟ್ಟರೆ, ಫುಲ್ ಫ್ರೇಮ್ ಮೇಲೆ ಮೈಕ್ರೊ ಫೋರ್ ಥರ್ಡ್ಸ್‌ನ ಸುಮಾರು ನಾಲ್ಕು ಪಟ್ಟು, ಎಪಿಎಸ್-ಸಿಯ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು ಬೆಳಕು ಬೀಳುತ್ತದೆ.

ಬೆಳಕು ಜಾಸ್ತಿಯಾದರೆ ಏನು ಲಾಭ? ಫೋಟೊದಲ್ಲಿ ರವೆ ಚೆಲ್ಲಿದ ಹಾಗೆ ಕಾಣುವ ಚುಕ್ಕಿ, ಅಂದರೆ ನಾಯ್ಸ್ ಕಡಿಮೆಯಾಗುತ್ತದೆ. ಆದರೆ ಬೆಳಕು ನಾಲ್ಕು ಪಟ್ಟಾದರೆ ಫೋಟೊ ನಾಲ್ಕು ಪಟ್ಟು ಶುದ್ಧವಾಗುವುದಿಲ್ಲ, ಎರಡು ಪಟ್ಟು ಆಗುತ್ತದೆ. ಫುಲ್ ಫ್ರೇಮ್‌ಗೂ ಎಪಿಎಸ್-ಸಿಗೂ ಇರುವ ವ್ಯತ್ಯಾಸ ಒಂದೂವರೆ ಪಟ್ಟು. ಬೆಳಕಿನ ಮೆಟ್ಟಿಲ ಲೆಕ್ಕದಲ್ಲಿ ಒಂದು ಸ್ಟಾಪ್‌ಗಿಂತ ಸ್ವಲ್ಪ ಮೇಲೆ. ಅಂದರೆ ಫುಲ್ ಫ್ರೇಮ್‌ನಲ್ಲಿ ಐಎಸ್‌ಒ 6400 ಇಟ್ಟಾಗ ಕಾಣುವ ಚುಕ್ಕಿ, ಅದೇ ತಲೆಮಾರಿನ ಎಪಿಎಸ್-ಸಿಯಲ್ಲಿ ಐಎಸ್‌ಒ 3200ಕ್ಕಿಂತ ಸ್ವಲ್ಪ ಮುಂಚೆಯೇ ಕಾಣುತ್ತದೆ.

ಮಧ್ಯಾಹ್ನದ ಬಿಸಿಲಲ್ಲಿ ಕಲ್ಲಿನ ರಥದ ಫೋಟೊ ತೆಗೆದರೆ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. ಬೆಳಕು ಧಾರಾಳ ಇದ್ದಾಗ ಹತ್ತು ಗುಂಟೆಯಲ್ಲೂ ಬೆಳೆ ಚೆನ್ನಾಗೇ ಬರುತ್ತದೆ. ರಾತ್ರಿ ರಥೋತ್ಸವ, ಹಂಪಿ ಉತ್ಸವದ ವೇದಿಕೆ, ಟ್ಯೂಬ್‌ಲೈಟ್ ಬೆಳಕಿನ ಸಮುದಾಯ ಭವನದಲ್ಲಿ ಮದುವೆ, ನಸುಕಿನ ಕೆರೆ — ಇಲ್ಲಿ ಮಾತ್ರ ದೊಡ್ಡ ಸೆನ್ಸರ್ ತನ್ನ ಬೆಲೆ ತೋರಿಸುತ್ತದೆ.

ಬಾಡಿ ದೊಡ್ಡದು, ಲೆನ್ಸು ಸಣ್ಣದಾದರೆ?

ಹೆಚ್ಚಿನವರು ಎಡವುವುದು ಇಲ್ಲೇ. ಮೇಲಿನ ಲೆಕ್ಕದಲ್ಲಿ ‘ಅಪರ್ಚರ್ ಒಂದೇ ಇಟ್ಟರೆ’ ಅನ್ನೋ ಷರತ್ತು ಇತ್ತು. ನಿಜ ಜೀವನದಲ್ಲಿ ಅದು ಒಂದೇ ಇರುವುದಿಲ್ಲ.

ಒಬ್ಬ ಹುಡುಗ ಇದ್ದ ದುಡ್ಡೆಲ್ಲ ಹಾಕಿ ಫುಲ್ ಫ್ರೇಮ್ ಬಾಡಿ ಕೊಂಡ ಅಂದುಕೊಳ್ಳಿ. ಲೆನ್ಸಿಗೆ ದುಡ್ಡಿಲ್ಲದೆ ಜೊತೆಗೆ ಬರುವ ಜೂಮ್ ಲೆನ್ಸೇ ಗತಿ. 50 ಮಿ.ಮೀ.ನಲ್ಲಿ ಅದು ತೆರೆಯುವುದು ಎಫ್/5.6ರವರೆಗೆ. ಪಕ್ಕದ ಮನೆ ಹುಡುಗ ಎಪಿಎಸ್-ಸಿ ಬಾಡಿ, 35 ಮಿ.ಮೀ. ಎಫ್/1.8 ಲೆನ್ಸು ಕೊಂಡ. ಇಬ್ಬರಿಗೂ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಎಪಿಎಸ್-ಸಿಯ ಎಫ್/1.8 ಅನ್ನು ಫುಲ್ ಫ್ರೇಮ್ ಲೆಕ್ಕಕ್ಕೆ ತಂದರೆ 1.8ಕ್ಕೆ ಒಂದೂವರೆ ಪಟ್ಟು, ಅಂದರೆ ಎಫ್/2.7. ಆ ಹುಡುಗನ ಎಫ್/5.6ಕ್ಕೆ ಹೋಲಿಸಿದರೆ ಈ ಸಣ್ಣ ಸೆನ್ಸರಿನ ಮೇಲೆ ಒಟ್ಟಾರೆ ನಾಲ್ಕು ಪಟ್ಟಿಗೂ ಹೆಚ್ಚು ಬೆಳಕು ಬೀಳುತ್ತಿದೆ. ರಾತ್ರಿ ಡೊಳ್ಳು ಕುಣಿತ ತೆಗೆದರೆ ಒಳ್ಳೆ ಫೋಟೊ ಬರುವುದು ಕಡಿಮೆ ದುಡ್ಡು ಹಾಕಿದವನಿಗೆ.

ಹೊಲ ಎಕರೆ ಇದ್ದರೂ ಕಾಲುವೆ ಚಿಕ್ಕದಾದರೆ ನೀರು ಬರುವುದು ಅಷ್ಟೇ. ಆದ್ದರಿಂದ ಬಾಡಿ ಬೆಲೆಗೆ ಬಾಡಿ ಬೆಲೆ ಹೋಲಿಸುವುದು ತಪ್ಪು ಲೆಕ್ಕ. ಬಾಡಿ, ತನಗೆ ನಿಜವಾಗಿ ಬೇಕಾದ ಲೆನ್ಸು, ಇನ್ನೊಂದು ಬ್ಯಾಟರಿ, ಮೆಮೊರಿ ಕಾರ್ಡ್, ಬ್ಯಾಗ್ ಎಲ್ಲ ಕೂಡಿ ಒಟ್ಟು ಎಷ್ಟಾಗುತ್ತದೆ ಅಂತ ಬರೆದು ನೋಡಬೇಕು.

ಇನ್ನೊಂದು ಎಚ್ಚರ. ‘ಮುಂದೆ ಫುಲ್ ಫ್ರೇಮಿಗೆ ಹೋಗ್ತೀನಿ, ಈಗಿನ ಲೆನ್ಸೇ ಆಗುತ್ತೆ’ ಅಂತ ಅನೇಕರು ಲೆಕ್ಕ ಹಾಕುತ್ತಾರೆ. ಎಪಿಎಸ್-ಸಿಗಾಗಿಯೇ ಮಾಡಿದ ಲೆನ್ಸನ್ನು ಫುಲ್ ಫ್ರೇಮ್ ಬಾಡಿಗೆ ಹಾಕಿದರೆ ಚಿತ್ರ ಪೂರ್ತಿ ಸೆನ್ಸರ್ ತುಂಬುವುದಿಲ್ಲ. ನಿಕಾನ್ ಡಿಎಕ್ಸ್ ಲೆನ್ಸು ಫುಲ್ ಫ್ರೇಮ್ ಬಾಡಿಗೆ ಕೂರುತ್ತದೆ, ಆದರೆ ಎಕರೆಯಲ್ಲಿ 17 ಗುಂಟೆ ಮಾತ್ರ ಬಳಕೆಯಾಗುತ್ತದೆ. ಕ್ಯಾನನ್‌ನ ಹಳೇ ಇಎಫ್-ಎಸ್ ಲೆನ್ಸುಗಳು ಅದರ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗಳಿಗೆ ಕೂರುವುದೇ ಇಲ್ಲ. ಲೆನ್ಸು ಕೊಳ್ಳುವಾಗಲೇ ಅದು ಯಾವ ಸೆನ್ಸರಿಗೆ ಮಾಡಿದ್ದು ಅಂತ ಕೇಳಿಕೊಳ್ಳಬೇಕು.

ಅಂಕಸಮುದ್ರದ ಹಕ್ಕಿಗೆ ಯಾವುದು?

ನಮ್ಮ ಭಾಗದ ಹವ್ಯಾಸಿಗಳಿಗೆ ಇದು ದೊಡ್ಡ ಪ್ರಶ್ನೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಿತ ಪ್ರದೇಶ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಆಗಲೇ ಆ ಮಾನ್ಯತೆ ಬಂತು. ಅಂಕಸಮುದ್ರದಲ್ಲಿ ಕೆರೆಯೊಳಗಿನ ಜಾಲಿ ಮರಗಳ ಮೇಲೆ ಕೊಕ್ಕರೆ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಎರಡೂ ಕಡೆ ಹಕ್ಕಿ ದೂರ, ಮಧ್ಯೆ ನೀರು.

ಇಲ್ಲಿ ಕ್ರಾಪ್ ಸೆನ್ಸರಿಗೆ ನಿಜವಾದ ಲಾಭ ಇದೆ, ಆದರೆ ಕಾರಣ ಬೇರೆ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್, 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಎರಡರಲ್ಲೂ ಅಡ್ಡಕ್ಕೆ 6000 ಪಿಕ್ಸೆಲ್ ಇರುತ್ತವೆ. ಒಂದರಲ್ಲಿ ಅವು 36 ಮಿ.ಮೀ.ನಲ್ಲಿ ಹರಡಿವೆ, ಇನ್ನೊಂದರಲ್ಲಿ 23.5 ಮಿ.ಮೀ.ನಲ್ಲಿ ಒತ್ತಾಗಿವೆ. ಒಂದೇ ಲೆನ್ಸು, ಒಂದೇ ಹಕ್ಕಿ, ಒಂದೇ ದೂರ. ಫುಲ್ ಫ್ರೇಮಿನಲ್ಲಿ ಹಕ್ಕಿಯ ಉದ್ದಕ್ಕೆ 1000 ಪಿಕ್ಸೆಲ್ ಸಿಕ್ಕರೆ ಎಪಿಎಸ್-ಸಿಯಲ್ಲಿ 1500 ಸಿಗುತ್ತವೆ. ಗರಿಯ ವಿವರ ಆ ಮಟ್ಟಿಗೆ ಚೆನ್ನಾಗಿ ಬರುತ್ತದೆ, ಬೆಳಕು ಸಾಕಷ್ಟಿದ್ದರೆ.

ಫುಲ್ ಫ್ರೇಮ್‌ನಲ್ಲಿ ಇದರ ಹತ್ತಿರ ಬರಬೇಕಾದರೂ 45 ಮೆಗಾಪಿಕ್ಸೆಲ್ ಬಾಡಿ ಬೇಕು. ನಿಕಾನ್ ಡಿ850ರ 45.7 ಮೆಗಾಪಿಕ್ಸೆಲ್ ಚಿತ್ರವನ್ನು ಎಪಿಎಸ್-ಸಿ ಅಳತೆಗೆ ಕತ್ತರಿಸಿದರೆ 19.4 ಮೆಗಾಪಿಕ್ಸೆಲ್ ಉಳಿಯುತ್ತದೆ. ಅಂಥ ಬಾಡಿಯ ಬೆಲೆ ಹವ್ಯಾಸಿಗೆ ಎಟಕುವುದು ಕಷ್ಟ.

ಭಾರದ ಲೆಕ್ಕವೂ ಇದೆ. ನಿಕಾನ್ 200-500 ಮಿ.ಮೀ. ಲೆನ್ಸೊಂದೇ 2.3 ಕಿಲೊ ತೂಗುತ್ತದೆ. ಡಿ850 ಅಂಥ ಬಾಡಿ ಸೇರಿದರೆ ಮೂರು ಕಿಲೊ ದಾಟುತ್ತದೆ. ಒಲಿಂಪಸ್‌ನ 75-300 ಮಿ.ಮೀ. ಲೆನ್ಸು 423 ಗ್ರಾಂ. ಮೈಕ್ರೊ ಫೋರ್ ಥರ್ಡ್ಸ್ ಮೇಲೆ ಅದು 150-600ರಷ್ಟು ಕಾಣಿಸುತ್ತದೆ, ಸಣ್ಣ ಬಾಡಿ ಸೇರಿದರೂ ಒಂದು ಕಿಲೊ ಒಳಗೆ. ಕೆರೆ ಏರಿ ಮೇಲೆ ಎರಡು ಗಂಟೆ ನಿಂತು ಕಾಯುವವರಿಗೆ, ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ. ಬಿಟ್ಟುಕೊಡಬೇಕಾದ್ದು ಬೆಳಕು. ತುದಿಯಲ್ಲಿ ಆ ಲೆನ್ಸು ಎಫ್/6.7, ಫುಲ್ ಫ್ರೇಮ್ ಲೆಕ್ಕದಲ್ಲಿ ಎಫ್/13ರ ಆಸುಪಾಸು. ಬಿಸಿಲು ಏರಿದ ಮೇಲೆ ಚಂದ, ಸೂರ್ಯ ಮೂಡುವ ಮುಂಚೆ ಕಷ್ಟ.

‘3000 ಎಂಎಂ ಜೂಮ್’ ಇರುವ ಬ್ರಿಜ್ ಕ್ಯಾಮೆರಾ ಕತೆಯೂ ಇದೇ. ನಿಕಾನ್ ಪಿ1000 ಲೆನ್ಸಿನ ನಿಜವಾದ ತುದಿ 539 ಮಿ.ಮೀ. ಅದು 3000ದಂತೆ ಕಾಣುವುದು ಸೆನ್ಸರ್ ಒಂದೂಕಾಲು ಗುಂಟೆ ಇರುವುದರಿಂದ. ಚಂದ್ರನ ಫೋಟೊ, ಬಿಸಿಲಲ್ಲಿ ಕೂತ ಮಿಂಚುಳ್ಳಿ, ಹಕ್ಕಿ ಯಾವುದು ಅಂತ ಗುರುತಿಸುವ ಕೆಲಸ — ಇದಕ್ಕೆಲ್ಲ ಸಾಕು. ಮೋಡದ ದಿನ ಹಾರುವ ಹಕ್ಕಿ ಹಿಡಿಯಲು ಹೊರಟರೆ ನಿರಾಸೆ. ಹಾರುವ ಹಕ್ಕಿಗೆ ಸೆಕೆಂಡಿನ 1/2000ದಷ್ಟು ಶಟರ್ ಸ್ಪೀಡ್ ಬೇಕಾಗುತ್ತದೆ, ಅಷ್ಟು ಬೆಳಕು ಆ ಸೆನ್ಸರಿಗೆ ಸಿಗುವುದಿಲ್ಲ.

ಯಾವ ಕ್ಯಾಮೆರಾ ಇದ್ದರೂ ಒಂದು ಮಾತು. ಜೂಮ್ ಸಾಲದು ಅಂತ ಗೂಡಿನ ಹತ್ತಿರ ಹೋಗಬಾರದು. ತಾಯಿಹಕ್ಕಿ ಎದ್ದು ಹೋದರೆ ಮೊಟ್ಟೆ ಮರಿಗಳಿಗೆ ಬಿಸಿಲು, ಕಾಗೆ ಎರಡರ ಕಾಟ. ದೂರದಿಂದಲೇ ಎಷ್ಟು ಸಿಗುತ್ತದೋ ಅಷ್ಟು ತೆಗೆದುಕೊಂಡು ಬರುವುದು ಒಳ್ಳೇದು.

ಹಿಂದಿನದು ಮಸುಕಾಗಬೇಕೋ, ಎಲ್ಲ ಸ್ಪಷ್ಟ ಇರಬೇಕೋ

ಮುಖ ಸ್ಪಷ್ಟ, ಹಿಂದಿನದೆಲ್ಲ ಮಸುಕು — ಮದುವೆ ಆಲ್ಬಮ್ಮಿನಲ್ಲಿ ಎಲ್ಲರೂ ಕೇಳುವ ಫೋಟೊ ಇದು. ಒಂದೇ ಚೌಕಟ್ಟಿನ ಚಿತ್ರ ತೆಗೆಯುವಾಗ ದೊಡ್ಡ ಸೆನ್ಸರಿನಲ್ಲಿ ಈ ಮಸುಕು ಸುಲಭ. ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ 25 ಮಿ.ಮೀ. ಎಫ್/1.8 ಕೊಡುವ ಮಸುಕು ಫುಲ್ ಫ್ರೇಮ್‌ನಲ್ಲಿ 50 ಮಿ.ಮೀ. ಲೆನ್ಸನ್ನು ಎಫ್/3.6ಕ್ಕೆ ಇಟ್ಟಾಗಿನಷ್ಟೇ. ಮದುವೆ, ನಾಮಕರಣದ ಕೆಲಸ ಹಿಡಿದು ನಾಲ್ಕು ಕಾಸು ಮಾಡಬೇಕು ಅನ್ನುವವರಿಗೆ ಫುಲ್ ಫ್ರೇಮ್ ಅರ್ಥ ಇರುವ ಖರ್ಚು. ಕತ್ತಲೆ ಮಂಟಪ, ಮಸುಕು ಎರಡಕ್ಕೂ ಅದು ಒದಗುತ್ತದೆ, ಹಾಕಿದ ದುಡ್ಡು ದುಡಿದು ವಾಪಸ್ ಬರುವ ದಾರಿಯೂ ಇರುತ್ತದೆ.

ಮಾತಂಗ ಬೆಟ್ಟದ ಮೇಲಿಂದ ಸೂರ್ಯೋದಯ ತೆಗೆಯುವವರ ಬೇಕು ಇದಕ್ಕೆ ಉಲ್ಟಾ. ಕಾಲ ಬುಡದ ಬಂಡೆಯೂ ಸ್ಪಷ್ಟ ಇರಬೇಕು, ದೂರದ ಗೋಪುರವೂ ಸ್ಪಷ್ಟ ಇರಬೇಕು. ಫುಲ್ ಫ್ರೇಮಿನವರು ಇದಕ್ಕೆ ಎಫ್/11 ಇಟ್ಟರೆ ಮೈಕ್ರೊ ಫೋರ್ ಥರ್ಡ್ಸ್‌ನವರಿಗೆ ಎಫ್/5.6 ಸಾಕು. ಹೂವು, ಚಿಟ್ಟೆ, ಜೇಡ ಹತ್ತಿರದಿಂದ ತೆಗೆಯುವವರಿಗೂ ಸಣ್ಣ ಸೆನ್ಸರ್ ತೊಂದರೆ ಅಲ್ಲ.

ಹಂಪಿಯಲ್ಲಿ ಇನ್ನೊಂದು ವಿಷಯ ಗಮನದಲ್ಲಿರಲಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಹಾಕುವಂತಿಲ್ಲ. ಕತ್ತಲೆ ಮಂಟಪಗಳಲ್ಲಿ ಕೈಯಲ್ಲೇ ಹಿಡಿದು ತೆಗೆಯಬೇಕು. ಹೀಗಾಗಿ ಬಾಡಿಯೊಳಗೇ ಸ್ಟೆಬಿಲೈಸೇಷನ್ ಇರುವ ಕ್ಯಾಮೆರಾ, ಸೆನ್ಸರ್ ಸಣ್ಣದಿದ್ದರೂ, ಕಲ್ಲಿನ ಕಂಬಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ತಡೆಯುವುದು ಕೈ ನಡುಕವನ್ನು ಮಾತ್ರ. ಎದುರಿಗೆ ಕುಣಿಯುವವರನ್ನು ಅದು ನಿಲ್ಲಿಸುವುದಿಲ್ಲ.

ಅಂಗಡಿಯವರಿಗೆ ಬೇಕಾದ್ದೇನು?

ಸೀರೆ, ಚಪ್ಪಲಿ, ಒಡವೆ, ಬೇಕರಿ ತಿನಿಸಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್, ಇನ್‌ಸ್ಟಾಗ್ರಾಂಗೆ ಹಾಕುವ ವ್ಯಾಪಾರಿಗಳಿಗೆ ಫುಲ್ ಫ್ರೇಮ್ ಖಂಡಿತ ಬೇಕಿಲ್ಲ. ಸಾಮಾನು ಅಲುಗಾಡುವುದಿಲ್ಲ. ಟ್ರೈಪಾಡ್ ಮೇಲಿಟ್ಟು ನಿಧಾನಕ್ಕೆ ತೆಗೆಯಬಹುದು. ಒಡವೆಯ ಮುಂದಿನ ಮಣಿಯಿಂದ ಹಿಂದಿನ ಕೊಂಡಿವರೆಗೂ ಸ್ಪಷ್ಟ ಕಾಣಬೇಕು, ಅದಕ್ಕೆ ಸಣ್ಣ ಸೆನ್ಸರೇ ಅನುಕೂಲ. ಇಲ್ಲಿ ದುಡ್ಡು ಹಾಕಬೇಕಾದ್ದು ಬೆಳಕಿಗೆ. ಎರಡು ಒಳ್ಳೆ ಎಲ್ಇಡಿ ಲೈಟು, ಒಂದು ಬಿಳಿ ಬಟ್ಟೆ, ಒಂದು ಬಿಳಿ ಥರ್ಮೊಕೋಲ್ ಹಲಗೆ ಇದ್ದರೆ ಈಗಿನ ಫೋನಿನಲ್ಲೂ ಸೀರೆಯ ಬಣ್ಣ ಸರಿಯಾಗಿ ಬರುತ್ತದೆ. ಹಳದಿ ಬಲ್ಬು, ಬಿಳಿ ಟ್ಯೂಬ್ ಎರಡೂ ಒಟ್ಟಿಗೆ ಉರಿಯುತ್ತಿದ್ದರೆ ಎಷ್ಟೇ ದೊಡ್ಡ ಸೆನ್ಸರ್ ಇದ್ದರೂ ಬಣ್ಣ ಕೆಡುತ್ತದೆ.

ಅಂಗಡಿ ಹೆಸರಲ್ಲಿ ಕ್ಯಾಮೆರಾ ಕೊಳ್ಳುವವರು ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ತೆಗೆದುಕೊಂಡು, ತೆರಿಗೆ ವಾಪಸಾತಿ ವಿಷಯ ತಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಬಹುದು. ಕ್ಯಾಮೆರಾ ಮೇಲೆ ಶೇ 18ರಷ್ಟು ಜಿಎಸ್‌ಟಿ ಇದೆ. ಅದು ಬೇಡ ಅಂತ ಬಿಲ್ ಇಲ್ಲದ ಮಾಲು ತಂದರೆ ಕಂಪನಿ ವಾರಂಟಿಗೆ ದಾಖಲೆ ಇರುವುದಿಲ್ಲ.

ಫೋಟೊ ಕೊನೆಗೆ ಹೋಗುವುದೆಲ್ಲಿಗೆ?

24 ಮೆಗಾಪಿಕ್ಸೆಲ್ ಅಂದರೆ 6000×4000 ಪಿಕ್ಸೆಲ್. ಇಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಹಾಕಿದರೆ 20×13 ಇಂಚಿನ ಫೋಟೊ. ಮನೆ ಗೋಡೆಗೆ ಹಾಕುವ ಫ್ರೇಮಿಗೆ ಇದು ಧಾರಾಳ. ಫ್ಲೆಕ್ಸ್ ದೂರದಿಂದ ನೋಡುವಂಥದ್ದು, ಅದಕ್ಕೆ ಅಷ್ಟೂ ಬೇಕಿಲ್ಲ. 4ಕೆ ಟಿ.ವಿ.ಯಲ್ಲಿ ಇರುವುದೇ ಸುಮಾರು 8 ಮೆಗಾಪಿಕ್ಸೆಲ್. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಹಾಗೆ ಕಳುಹಿಸಿದರೆ ಅದಕ್ಕಿಂತಲೂ ಕುಗ್ಗುತ್ತದೆ. ತೆಗೆದ ಫೋಟೊ ಹತ್ತರಲ್ಲಿ ಒಂಬತ್ತು ಫೋನಿನಲ್ಲೇ ನೋಡುವುದಾದರೆ, ಫುಲ್ ಫ್ರೇಮ್, ಎಪಿಎಸ್-ಸಿ ವ್ಯತ್ಯಾಸವನ್ನು ಹಗಲಿನ ಫೋಟೊದಲ್ಲಿ ಪಕ್ಕಪಕ್ಕ ಇಟ್ಟರೂ ಹೇಳುವುದು ಕಷ್ಟ.

ನಾಯ್ಸ್ ತೆಗೆಯುವ ಸಾಫ್ಟ್‌ವೇರುಗಳು ಈಚೆಗೆ ಬಹಳ ಸುಧಾರಿಸಿವೆ. ಹಳೇ ಫುಲ್ ಫ್ರೇಮಿಗಿಂತ ಹೊಸ ಎಪಿಎಸ್-ಸಿ ಬಾಡಿಯಲ್ಲಿ ಆಟೊಫೋಕಸ್ ಚುರುಕು, ಹಕ್ಕಿ ಮತ್ತು ಮನುಷ್ಯರ ಕಣ್ಣು ಹುಡುಕಿ ಹಿಡಿಯುವ ಸೌಲಭ್ಯವೂ ಇರುತ್ತದೆ. ಫೋಕಸ್ ತಪ್ಪಿದ ಫೋಟೊ ಯಾವ ಸೆನ್ಸರಿನಲ್ಲೂ ಸರಿಹೋಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುವಾಗ

ಮಿರರ್‌ಲೆಸ್ ಬಂದ ಮೇಲೆ ಹಳೇ ಡಿಎಸ್‌ಎಲ್‌ಆರ್ ಕಡಿಮೆ ಬೆಲೆಗೆ ಸಿಗುತ್ತಿವೆ. ಕಲಿಯುವವರಿಗೆ ಇದು ಒಳ್ಳೆ ದಾರಿ, ನೋಡಿ ಕೊಳ್ಳಬೇಕು ಅಷ್ಟೇ.

- ಶಟರ್ ಕೌಂಟ್ ಕೇಳಿ. ಸಾಮಾನ್ಯ ಬಾಡಿಗಳ ಶಟರ್ 1 ಲಕ್ಷ, ಮೇಲಿನ ದರ್ಜೆಯವು ಒಂದೂವರೆಯಿಂದ 2 ಲಕ್ಷ ಕ್ಲಿಕ್ಕಿಗೆ ಅಂತ ಮಾಡಿರುತ್ತಾರೆ. ಮದುವೆ ಕೆಲಸಕ್ಕೆ ದುಡಿದ ಬಾಡಿಯಲ್ಲಿ ಇದು ಬೇಗ ಮುಗಿದಿರುತ್ತದೆ.
- ಎಫ್/16 ಇಟ್ಟು ಬಿಳಿ ಗೋಡೆ ಫೋಟೊ ತೆಗೆದು ಜೂಮ್ ಮಾಡಿ. ಕರಿ ಚುಕ್ಕಿ ಕಂಡರೆ ಸೆನ್ಸರ್ ಮೇಲೆ ಧೂಳಿದೆ. ಗೆರೆ ಕಂಡರೆ ಕೊಳ್ಳಬೇಡಿ.
- ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥದ್ದು ಕಂಡರೆ ಅದು ಫಂಗಸ್.
- ಹಳೇ ಬಿಲ್ ಇದ್ದರೆ ಕೇಳಿ ಪಡೆಯಿರಿ. ಕದ್ದ ಮಾಲಲ್ಲ ಅನ್ನೋದಕ್ಕೆ ಅದೊಂದೇ ಆಧಾರ.

ಸಂಡೂರು–ಹೊಸಪೇಟೆ ಕಡೆಯ ಅದಿರಿನ ಕೆಂಧೂಳು ಸೆನ್ಸರಿಗೆ ಒಳ್ಳೆಯದಲ್ಲ. ಮಿರರ್‌ಲೆಸ್‌ಗಳಲ್ಲಿ ಲೆನ್ಸು ಬಿಚ್ಚಿದಾಗ ಹೆಚ್ಚಿನ ಬಾಡಿಗಳಲ್ಲಿ ಸೆನ್ಸರ್ ನೇರ ತೆರೆದುಕೊಳ್ಳುತ್ತದೆ. ರಸ್ತೆ ಬದಿಯಲ್ಲಿ ಲೆನ್ಸು ಬದಲಿಸಬಾರದು. ಬದಲಿಸಲೇಬೇಕಾದರೆ ಬಾಡಿಯ ಬಾಯಿ ಕೆಳಮುಖ ಇರಲಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ, ರಬ್ಬರ್ ಬ್ಲೋವರ್ ಬಳಸಬೇಕು. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ ಲೆನ್ಸಿಗೆ ಫಂಗಸ್ ಹಿಡಿಯುವುದಿಲ್ಲ.

ಹಾಗಾದ್ರೆ ಯಾರಿಗೆ ಯಾವುದು?

ಮೊದಲ ಕ್ಯಾಮೆರಾ, ಎಲ್ಲ ಥರದ ಫೋಟೊ ಕಲಿಯುವ ಆಸೆ, ಬಜೆಟ್ ಬಿಗಿ — ಎಪಿಎಸ್-ಸಿ ಬಾಡಿ, ಜೊತೆಗೆ ಒಂದು ಎಫ್/1.8 ಲೆನ್ಸು. ಹೆಚ್ಚಿನ ಹವ್ಯಾಸಿಗಳಿಗೆ ಇದೇ ಉತ್ತರ.

ಹಕ್ಕಿ, ಪ್ರಾಣಿ ಮುಖ್ಯ — ಎಪಿಎಸ್-ಸಿ, ಉಳಿದ ದುಡ್ಡೆಲ್ಲ ಉದ್ದ ಲೆನ್ಸಿಗೆ. ಭಾರ ಹೊರಲು ಆಗದವರು, ತಿರುಗಾಟ ಹೆಚ್ಚಿರುವವರು ಮೈಕ್ರೊ ಫೋರ್ ಥರ್ಡ್ಸ್ ನೋಡಬಹುದು.

ಮದುವೆ, ರಾತ್ರಿ ಕಾರ್ಯಕ್ರಮ, ದುಡಿಮೆ — ಫುಲ್ ಫ್ರೇಮ್, ಎಫ್/1.8 ಅಥವಾ ಎಫ್/2.8 ಲೆನ್ಸಿಗೂ ಸೇರಿಸಿ ದುಡ್ಡು ಇದ್ದರೆ ಮಾತ್ರ.

ಅಂಗಡಿ ಸಾಮಾನಿನ ಫೋಟೊ — ಕೈಲಿರುವ ಫೋನು, ಒಳ್ಳೆ ಲೈಟು.

ಇನ್ನೂ ಗೊಂದಲ ಇದ್ದರೆ ಒಂದು ಸುಲಭ ದಾರಿ ಇದೆ. ಫೋನಿನಲ್ಲೋ ಗೆಳೆಯರ ಕ್ಯಾಮೆರಾದಲ್ಲೋ ಕಳೆದ ಒಂದು ವರ್ಷ ತೆಗೆದ, ತಮಗೇ ಇಷ್ಟವಾದ 50 ಫೋಟೊ ಆರಿಸಿಕೊಳ್ಳಬೇಕು. ಅದರಲ್ಲಿ ಹಗಲಿನವು ಎಷ್ಟು, ರಾತ್ರಿಯವು ಎಷ್ಟು, ದೂರದವು ಎಷ್ಟು, ಮುಖಗಳು ಎಷ್ಟು ಅಂತ ಎಣಿಸಿದರೆ ತನಗೆ ಬೇಕಾದ್ದು ಯಾವುದು ಅಂತ ಅಲ್ಲೇ ತಿಳಿಯುತ್ತದೆ. ಆಮೇಲೆ ಮನಸ್ಸಲ್ಲಿರುವ ಬಾಡಿ, ಲೆನ್ಸನ್ನು ಒಂದು ದಿನ ಬಾಡಿಗೆಗೆ ತಂದು, ನಸುಕಿಗೆ ಕೆರೆ ಹತ್ತಿರ, ಸಂಜೆ ದೇವಸ್ಥಾನದ ಹತ್ತಿರ ತೆಗೆದು ನೋಡಿ, ಆ ಮೇಲೆ ಕಂತಿನ ಕಾಗದಕ್ಕೆ ಸಹಿ ಹಾಕಬಹುದು.